ಅಗಸೆಬಾಗಿಲನ್ನು ಹುಡುಕುವ ಗಣಕಯಂತ್ರ



ಶಾಲೆಯ ಸ್ಮರಣ ಸಂಚಿಕೆಯಲ್ಲಿ ನೆನಪುಗಳ ಸಂಗಡ ಒಂದು ಪಾಠವೂ ಇರುವದು ಯುಕ್ತವೆಂದೆಣಿಸಿ, ನಮ್ಮ ಗಣಕಯಂತ್ರದ ಕೋಣೆಯಲ್ಲಿ ಬಾಲಿಕೆಯರು ಪದೇ ಪದೇ ಕೇಳುವ ಒಂದು ಪ್ರಶ್ನೆಯನ್ನು ನಾವು ಈ ಲೇಖನಕ್ಕೆ ವಿಷಯವಾಗಿ ಆರಿಸಿಕೊಂಡಿರುವೆವು. ಪ್ರಶ್ನೆಯು ಚಿಕ್ಕದು, ಅದರ ಉತ್ತರವಾದರೋ ನಮ್ಮೆಲ್ಲರ ಮನೆಗಳಿಗೂ ಸಂಬಂಧಪಟ್ಟದ್ದು.

ತಾಜಸುಲ್ತಾನಪುರದ ಒಂದು ಮನೆಯಲ್ಲಿ ಹುಡುಗಿಯೊಬ್ಬಳು ಮೊಬೈಲನ್ನು ತೆರೆದ ಕೂಡಲೆ ಬೆಂಗಳೂರಿನಲ್ಲಿ ಓದುತ್ತಿರುವ ಅಕ್ಕನ ಮುಖವು ಅದರಲ್ಲಿ ಮೂಡುವದು. ಅದೇ ಮೊಬೈಲನ್ನು ಮರುದಿನ ಕಲಬುರಗಿಯ ಗೆಳತಿಯ ಮನೆಯ ವೈಫೈಗೆ ಸೇರಿಸಿದರೂ, ಹಬ್ಬದ ರಜೆಯಲ್ಲಿ ಕಮಲಾಪುರದ ಸೋದರಮಾವನ ಮನೆಯ ವೈಫೈಗೆ ಸೇರಿಸಿದರೂ ಅಕ್ಕನ ಮುಖವು ಹಾಗೆಯೇ ಮೂಡುವದು. ಸ್ಥಳಗಳು ಮೂರು, ಜಾಲಗಳು ಮೂರು, ಹೊರಗೆ ಹೋಗುವ ದಾರಿಗಳೂ ಮೂರು. ಇಷ್ಟಾದರೂ ಯಾರೂ ಆ ಯಂತ್ರಕ್ಕೆ “ದಾರಿ ಇಲ್ಲಿದೆ” ಎಂದು ಕೈಯಿಂದ ಬರೆದು ಕೊಡಲಿಲ್ಲ. ಹಾಗಾದರೆ ಅದು ದಾರಿಯನ್ನು ತಿಳಿದದ್ದು ಹೇಗೆ? ತಿಳಿಸಿದವರು ನಂಬತಕ್ಕವರೋ ಅಲ್ಲವೋ ಎಂಬದನ್ನು ಅದು ವಿಚಾರಿಸಿತೋ? ಈ ಎರಡು ಪ್ರಶ್ನೆಗಳನ್ನೇ ನಾವು ಇಲ್ಲಿ ಬಿಡಿಸಿ ನೋಡುವೆವು.

೧. ಒಳಗು, ಹೊರಗು

ಮೊದಲು ರೌಟರ್ ಎಂದರೇನೆಂಬದನ್ನು ತಿಳಿಯಬೇಕು. ನಮ್ಮ ಸೀಮೆಯ ಹಳೆಯ ಊರುಗಳಿಗೆ ಅಗಸೆಬಾಗಿಲು ಇರುವದನ್ನು ಎಲ್ಲರೂ ಬಲ್ಲರು. ಊರೊಳಗಿನ ಮನೆಯಿಂದ ಮನೆಗೆ ಹೋಗುವವನಿಗೆ ಅಗಸೆಯ ಗೊಡವೆ ಇಲ್ಲ. ಪರಸ್ಥಳಕ್ಕೆ ಹೊರಟವನು ಮಾತ್ರ ಅಗಸೆಯನ್ನು ದಾಟಲೇಬೇಕು. ಒಂದು ಮನೆಯ ಅಥವಾ ಶಾಲೆಯ ಗಣಕಯಂತ್ರಗಳು ಸೇರಿ ಒಂದು ಊರೆಂದೂ, ಆ ಊರಿನ ಅಗಸೆಯೇ ರೌಟರೆಂದೂ ಭಾವಿಸಿಕೊಂಡರೆ ಪಾಠದ ಅರ್ಧವು ತಿಳಿದ ಹಾಗೆಯೇ.

ಕಳುಹಿಸತಕ್ಕ ಸಂದೇಶವು ಊರೊಳಗಿನದೋ ಹೊರಗಿನದೋ ಎಂಬದನ್ನು ಯಂತ್ರವು ವಿಳಾಸದಿಂದಲೇ ಗುರುತಿಸುವದು. ಅಂಚೆಯ ಪಿನ್ ಸಂಖ್ಯೆಯನ್ನು ನೆನೆಯಿರಿ. ೧೯೭೨ರ ಆಗಸ್ಟ್ ೧೫ರಂದು ನಮ್ಮ ದೇಶದಲ್ಲಿ ಆರಂಭವಾದ ಈ ಸಂಖ್ಯೆಯ ಮೊದಲ ಅಂಕೆಗಳನ್ನು ಕಂಡ ಮಾತ್ರಕ್ಕೆ ಅಂಚೆಯವರು ಕಾಗದವು ಯಾವ ಸೀಮೆಗೆ ಹೋಗತಕ್ಕದ್ದೆಂದು ತಿಳಿಯುವರು. ಕಲಬುರಗಿಯ ಪೇಟೆಯ ಸಂಖ್ಯೆ ೫೮೫೧೦೧. ಅದರಂತೆಯೇ ಪ್ರತಿಯೊಂದು ಗಣಕಯಂತ್ರದ ವಿಳಾಸಕ್ಕೂ ಒಂದು ಮುಂಭಾಗವಿರುತ್ತದೆ. ತನ್ನ ವಿಳಾಸದ ಮುಂಭಾಗವೂ ಎದುರಿನವನ ವಿಳಾಸದ ಮುಂಭಾಗವೂ ಒಂದೇ ಆಗಿದ್ದರೆ ಯಂತ್ರವು ಸಂದೇಶವನ್ನು ನೆಟ್ಟಗೆ ಅವನ ಕೈಗೆ ಕೊಡುವದು. ಬೇರೆಯಾಗಿದ್ದರೆ ಅಗಸೆಗೆ, ಅಂದರೆ ರೌಟರಿಗೆ ಒಪ್ಪಿಸುವದು. ಮುಂದಿನ ದಾರಿಯನ್ನು ನೋಡಿಕೊಳ್ಳುವದು ರೌಟರಿನ ಕೆಲಸ. ಆದದರಿಂದ ಯಂತ್ರವು ಲೋಕದ ದಾರಿಗಳನ್ನೆಲ್ಲ ಬಲ್ಲದ್ದಾಗಿರಬೇಕಾದ ಅಗತ್ಯವಿಲ್ಲ. ತನ್ನ ಊರಿನ ಅಗಸೆ ಎಲ್ಲಿದೆ ಎಂಬ ಒಂದೇ ಸಂಗತಿಯನ್ನು ತಿಳಿದಿದ್ದರೆ ಸಾಕು. ಅದನ್ನು ತಿಳಿಯದಿದ್ದರೆ ಮಾತ್ರ ಅದು ಕೋಣೆಯಲ್ಲಿ ಸೆರೆಯಾದಂತೆಯೇ.

೨. ಕೈಯಿಂದ ಬರೆಯುತ್ತಿದ್ದ ಕಾಲ

ನಮ್ಮ ದೇಶದಲ್ಲಿ ವಿದ್ಯಾಸಂಸ್ಥೆಗಳ ಗಣಕಯಂತ್ರಗಳನ್ನು ಜೋಡಿಸುವ ಎರ್ನೆಟ್ ಎಂಬ ಯೋಜನೆಯು ೧೯೮೬ರಲ್ಲಿ ಆರಂಭವಾಯಿತು. ಮೊದಲಲ್ಲಿ ಅದಕ್ಕೆ ಸೇರಿದ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಸಾಮಾನ್ಯ ಜನರಿಗೆ ಅಂತರಜಾಲವು ದೊರೆತದ್ದು ೧೯೯೫ರ ಆಗಸ್ಟ್ ೧೫ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆ ಮೊದಲಿನ ಕಾಲದಲ್ಲಿ ಲೋಕದಲ್ಲೆಲ್ಲ ವಾಡಿಕೆಯಾಗಿದ್ದ ಪದ್ಧತಿ ಏನೆಂದರೆ, ಯಂತ್ರದ ಮೇಲ್ವಿಚಾರಕನು ರೌಟರಿನ ವಿಳಾಸವನ್ನು ಪ್ರತಿಯೊಂದು ಯಂತ್ರದಲ್ಲಿಯೂ ತನ್ನ ಕೈಯಿಂದಲೇ ಬರೆದಿಡುವದು. ಯಂತ್ರವು ಎಚ್ಚರವಾದಾಗಲೆಲ್ಲ ಆ ಬರಹವನ್ನು ಓದಿಕೊಳ್ಳುವದು.

ಯಂತ್ರಗಳು ನಾಲ್ಕೈದು ಇರುವಲ್ಲಿ ಇದು ನಡೆಯತಕ್ಕ ಕೆಲಸವೇ ಸರಿ. ಆದರೆ ನೂರು ಯಂತ್ರಗಳಿರುವಲ್ಲಿ ಒಂದಂಕೆ ತಪ್ಪಿದರೂ ಆ ಯಂತ್ರವು ದಾರಿಗಾಣದೆ ನಿಲ್ಲುವದು. ರೌಟರ್ ಕೆಟ್ಟು ಬೇರೊಂದನ್ನು ತಂದಿಟ್ಟರಂತೂ ನೂರು ಯಂತ್ರಗಳಲ್ಲಿಯೂ ಮತ್ತೆ ಬರೆಯಬೇಕಾಗುವದು. ಎರಡು ರೌಟರುಗಳಿದ್ದು ಒಂದು ಸತ್ತರೆ, ಇನ್ನೊಂದು ಪಕ್ಕದಲ್ಲಿಯೇ ಜೀವಂತವಾಗಿದ್ದರೂ ಯಂತ್ರಕ್ಕೆ ಅದರ ಅರಿವೇ ಇರದು. ಬರಹವು ಸತ್ತ ಸಂಗತಿ. ಅದು ಕಾಲಕ್ಕೆ ತಕ್ಕಂತೆ ತಾನಾಗಿ ತಿದ್ದಿಕೊಳ್ಳಲಾರದು.

೩. ಕೂಗು ಮತ್ತು ಡಂಗುರ

ಈ ತೊಂದರೆಗೆ ಒಂದು ಸರಳವಾದ ಉಪಾಯವನ್ನು ೧೯೯೧ರ ಸೆಪ್ಟೆಂಬರಿನಲ್ಲಿ ಪ್ರಕಟಿಸಲಾಯಿತು. ಅಂತರಜಾಲದ ನಿಯಮಗಳನ್ನು ಸಂಖ್ಯೆ ಹಚ್ಚಿದ ಪತ್ರಗಳಾಗಿ ಪ್ರಕಟಿಸುವ ಪದ್ಧತಿಯುಂಟು. ಅವುಗಳಲ್ಲಿ ಇದು ೧೨೫೬ನೆಯ ಪತ್ರ. ಇದನ್ನು ಸಂಪಾದಿಸಿದವರು ಅಮೇರಿಕದ ಝೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿದ್ದ ಸ್ಟೀವ್ ಡೀರಿಂಗ್ ಎಂಬವರು. ಉಪಾಯವು ಎರಡೇ ಮಾತುಗಳಲ್ಲಿ ಅಡಗಿದೆ. ಯಂತ್ರದ ಕೂಗು ಒಂದು. ರೌಟರಿನ ಡಂಗುರ ಇನ್ನೊಂದು.

ಡಂಗುರವೆಂಬದು ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಹಲಗೆ ಬಾರಿಸುತ್ತ ಓಣಿ ಓಣಿಯಲ್ಲಿ ಸುದ್ದಿಯನ್ನು ಸಾರಿದರೆ ಮನೆಯೊಳಗಿದ್ದವರೂ ಕೇಳಿಕೊಳ್ಳುತ್ತಿದ್ದರು. ಹಾಗೆಯೇ ರೌಟರು ಏಳರಿಂದ ಹತ್ತು ನಿಮಿಷಕ್ಕೊಮ್ಮೆ, “ನಾನು ಈ ಜಾಲದ ರೌಟರು, ನನ್ನ ವಿಳಾಸ ಇಂಥದು, ಈ ಮಾತು ಮೂವತ್ತು ನಿಮಿಷಗಳ ವರೆಗೆ ನಿಜವೆಂದು ತಿಳಿಯಿರಿ” ಎಂಬದಾಗಿ ಎಲ್ಲರಿಗೂ ಕೇಳುವಂತೆ ಸಾರುವದು. ಇದಕ್ಕೆ ೨೨೪.೦.೦.೧ ಎಂಬ ವಿಶೇಷ ವಿಳಾಸವನ್ನು ಇಟ್ಟಿದ್ದಾರೆ. ಆ ವಿಳಾಸಕ್ಕೆ ಬಂದದ್ದನ್ನು ಜಾಲದೊಳಗಿನ ಯಂತ್ರಗಳೆಲ್ಲ ಕೇಳಿಕೊಳ್ಳುವವು. ಆಗ ತಾನೇ ಎಚ್ಚರವಾದ ಯಂತ್ರವು ಹತ್ತು ನಿಮಿಷ ಕಾದುಕೊಂಡಿರಬೇಕೇ? ಬೇಕಿಲ್ಲ. ಅದು ೨೨೪.೦.೦.೨ ಎಂಬ, ರೌಟರುಗಳು ಮಾತ್ರ ಕಿವಿಗೊಡುವ ವಿಳಾಸಕ್ಕೆ, “ಇಲ್ಲಿ ರೌಟರು ಯಾರಾದರೂ ಇದ್ದೀರಾ?” ಎಂದು ಕೂಗುವದು. ಉತ್ತರ ಬಾರದಿದ್ದರೆ ಮೂರು ಮೂರು ಸೆಕೆಂಡು ಬಿಟ್ಟು, ಒಟ್ಟು ಮೂರು ಸಾರಿ ಕೂಗಿ ಸುಮ್ಮನಾಗುವದು. ಆ ಮೇಲೆ ಡಂಗುರದ ದಾರಿಯನ್ನು ಕಾಯುವದು.

ಈ ನಿಯಮದಲ್ಲಿ ಎರಡು ಜಾಣತನಗಳನ್ನು ನಮ್ಮ ಬಾಲಿಕೆಯರಿಗೆ ನಾವು ವಿಶೇಷವಾಗಿ ತೋರಿಸುವದುಂಟು. ಮೊದಲನೆಯದು, ಕೂಗುವದಕ್ಕೆ ಮುಂಚೆ ಪ್ರತಿಯೊಂದು ಯಂತ್ರವೂ ಒಂದು ಸೆಕೆಂಡಿನೊಳಗೆ ಎಷ್ಟೋ ಹೊತ್ತು ಸುಮ್ಮನೆ ತಡೆಯುವದು. ಆ ಹೊತ್ತು ಒಂದೊಂದಕ್ಕೆ ಒಂದೊಂದು ತರವಾಗಿರುವದು. ಯಾಕಂದರೆ ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದಾಗ ಕೋಣೆಯ ಯಂತ್ರಗಳೆಲ್ಲ ಏಕಕಾಲದಲ್ಲಿ ಎದ್ದು ಒಟ್ಟಿಗೆ ಕೂಗಿದರೆ ಯಾರ ಮಾತೂ ಯಾರಿಗೂ ಕೇಳದು. ತರಗತಿಯಲ್ಲಿ ಒಬ್ಬೊಬ್ಬರಾಗಿ ಕೈಯೆತ್ತಿರೆಂದು ನಾವು ಹೇಳುವದಿಲ್ಲವೇ? ಎರಡನೆಯದು, ಮಾತಿಗೆ ಇಟ್ಟ ಅವಧಿ. ರೌಟರು ಸತ್ತರೆ ಡಂಗುರ ನಿಲ್ಲುವದು. ಡಂಗುರ ನಿಂತು ಅವಧಿ ಮುಗಿದೊಡನೆ ಯಂತ್ರವು ಆ ಹೆಸರನ್ನು ಮರೆತು, ಇನ್ನೊಂದು ರೌಟರಿನ ಹೆಸರನ್ನು ಹಿಡಿಯುವದು. ಬರಹಕ್ಕಿಲ್ಲದ ಜೀವವು ಈ ರೀತಿಯಾಗಿ ಮಾತಿಗೆ ಬಂತು.

೪. ಪೆಟ್ಟಿಗೆಯವನೇ ಎಲ್ಲವನ್ನೂ ಕೊಡುವ ಪದ್ಧತಿ

ಆದರೆ ಈ ಉಪಾಯವು ಆ ಕಾಲದಲ್ಲಿ ಹೆಚ್ಚಾಗಿ ಬಳಕೆಗೆ ಬರಲಿಲ್ಲ. ಯಂತ್ರಕ್ಕೆ ರೌಟರಿನ ಹೆಸರಷ್ಟೇ ಸಾಲದು, ತನಗೊಂದು ವಿಳಾಸವೂ ಬೇಕು. ಇವೆರಡನ್ನೂ ಒಟ್ಟಿಗೆ ಕೊಡುವ ಡಿಎಚ್‌ಸಿಪಿ ಎಂಬ ಪದ್ಧತಿಯನ್ನು ೧೯೯೩ರ ಅಕ್ಟೋಬರಿನಲ್ಲಿ ರಾಲ್ಫ್ ಡ್ರೋಮ್ಸ್ ಎಂಬವರು ಬರೆದರು. ೧೯೯೭ರ ಮಾರ್ಚಿನಲ್ಲಿ ಅದನ್ನು ತಿದ್ದಿ ಪ್ರಕಟಿಸಿದರು. ಇಂದು ನಮ್ಮ ಮನೆಗಳ ವೈಫೈ ಪೆಟ್ಟಿಗೆಗಳಲ್ಲಿ ನಡೆಯುತ್ತಿರುವದು ಬಹುಮಟ್ಟಿಗೆ ಇದೇ. ಇದರಲ್ಲಿ ನಾಲ್ಕು ಮಾತುಗಳುಂಟು. ಹೊಸ ಯಂತ್ರವು, “ವಿಳಾಸ ಕೊಡುವವರು ಯಾರಿದ್ದೀರಿ?” ಎಂದು ಕೇಳುವದು. ಪೆಟ್ಟಿಗೆಯು, “ಈ ವಿಳಾಸವನ್ನು ತೆಗೆದುಕೋ, ಅಗಸೆ ಇಂಥಲ್ಲಿದೆ” ಎನ್ನುವದು. ಯಂತ್ರವು, “ಅದನ್ನೇ ನನಗೆ ಕೊಡಿರಿ” ಎನ್ನುವದು. ಪೆಟ್ಟಿಗೆಯು, “ಕೊಟ್ಟೆನು, ಇಷ್ಟು ಹೊತ್ತಿನ ವರೆಗೆ ನಿನ್ನದು” ಎಂದು ಬರೆದಿಟ್ಟುಕೊಳ್ಳುವದು. ಮಠದ ಛತ್ರದಲ್ಲಿ ಕೋಣೆಯ ಕೀಲಿಯನ್ನು ಕೊಡುವವನು ಬಾವಿ ಎಲ್ಲಿದೆ, ಹೆಬ್ಬಾಗಿಲು ಎಲ್ಲಿದೆ ಎಂದು ಸಂಗಡವೇ ತಿಳಿಸುವ ಹಾಗೆ ಇದು.

೫. ಹೊಸ ವಿಳಾಸಗಳು, ಹಳೆಯ ಡಂಗುರ

ಇಷ್ಟರಲ್ಲಿ ಬೇರೊಂದು ಸಂಕಟವು ಎದುರಾಯಿತು. ಹಳೆಯ ಪದ್ಧತಿಯ ವಿಳಾಸಗಳು ಒಟ್ಟು ೪೨೯ ಕೋಟಿಯಷ್ಟು ಮಾತ್ರ. ಮನುಷ್ಯರ ಸಂಖ್ಯೆಯೇ ಅದಕ್ಕಿಂತ ಹೆಚ್ಚು. ಒಬ್ಬೊಬ್ಬರಿಗೂ ಒಂದು ಮೊಬೈಲು ಬಂದ ಮೇಲೆ ಅವು ಸಾಲುವದು ಹೇಗೆ? ಇದನ್ನು ಮುಂಗಂಡು, ಡೀರಿಂಗ್ ಅವರೂ ಬಾಬ್ ಹಿಂಡನ್ ಎಂಬವರೂ ೧೯೯೫ರ ಡಿಸೆಂಬರಿನಲ್ಲಿ ಆರನೆಯ ಆವೃತ್ತಿಯ ವಿಳಾಸ ಪದ್ಧತಿಯನ್ನು ಪ್ರಕಟಿಸಿದರು. ಮೊದಲಿನ ವಿಳಾಸವು ೩೨ ಬಿಟ್ಟುಗಳದ್ದಾದರೆ ಇದು ೧೨೮ ಬಿಟ್ಟುಗಳದ್ದು. ಬಿಟ್ಟೆಂದರೆ ಸೊನ್ನೆ ಅಥವಾ ಒಂದು ಬರೆಯತಕ್ಕ ಒಂದು ಸ್ಥಾನ. ಒಂದು ಸ್ಥಾನ ಹೆಚ್ಚಿದಾಗಲೆಲ್ಲ ಎಣಿಕೆಯು ಇಮ್ಮಡಿಸುವದಾದದರಿಂದ ಈ ವಿಳಾಸಗಳು ಎಣಿಸಿ ತೀರದಷ್ಟಾದವು.

ಈ ಹೊಸ ಪದ್ಧತಿಯಲ್ಲಿ ೧೯೯೧ರ ಕೂಗು ಮತ್ತು ಡಂಗುರಗಳು ಪಕ್ಕದ ಉಪಾಯವಾಗಿ ಉಳಿಯದೆ ಮೂಲ ನಿಯಮವೇ ಆದವು. ಅದರ ವಿವರವನ್ನು ೧೯೯೬ರಲ್ಲಿ ಮೊದಲು ಬರೆದು, ೨೦೦೭ರ ಸೆಪ್ಟೆಂಬರಿನ ೪೮೬೧ನೆಯ ಪತ್ರದಲ್ಲಿ ಸ್ಥಿರಪಡಿಸಿದರು. ಇಲ್ಲಿ ಕೂಗುಗಳ ನಡುವಿನ ಅಂತರವು ನಾಲ್ಕು ಸೆಕೆಂಡು. ರೌಟರು ಕೂಗಿಗೆ ಬಹು ಬೇಗನೆ ಉತ್ತರ ಕೊಡುವದು. ಮಾತಿನ ಅವಧಿಯು ಸಾಮಾನ್ಯವಾಗಿ ೧,೮೦೦ ಸೆಕೆಂಡು, ಅಂದರೆ ಅದೇ ಮೂವತ್ತು ನಿಮಿಷ. ವಿಶೇಷವೇನೆಂದರೆ, ರೌಟರು ತನ್ನ ಹೆಸರಿನ ಸಂಗಡ ಆ ಜಾಲದ ವಿಳಾಸದ ಮುಂಭಾಗವನ್ನೂ ಸಾರಿಬಿಡುವದು. ಯಂತ್ರವು ಆ ಮುಂಭಾಗಕ್ಕೆ ತನ್ನದೇ ಹಿಂಭಾಗವನ್ನು ಜೋಡಿಸಿ ತನ್ನ ವಿಳಾಸವನ್ನು ತಾನೇ ಮಾಡಿಕೊಳ್ಳುವದು. ಆ ವಿಳಾಸವು ಮತ್ತೊಬ್ಬರದಾಗಿಲ್ಲವಷ್ಟೆ ಎಂದು ನೆರೆಯವರನ್ನು ಕೇಳಿ ನಿಶ್ಚಯಿಸಿಕೊಳ್ಳುವದು. ಇದಲ್ಲದೆ ಹಿಡಿದ ರೌಟರು ನಡುವೆ ಮೌನವಾದರೆ ಮೂವತ್ತು ನಿಮಿಷ ಕಾಯದೆ, “ಇದ್ದೀಯಾ?” ಎಂದು ಅದನ್ನೇ ಕೇಳಿ ನೋಡಿ, ಉತ್ತರವಿಲ್ಲದಿದ್ದರೆ ಬೇರೊಂದರ ಕಡೆಗೆ ತಿರುಗುವದು.

ಇದು ದೂರದೇಶದ ಸುದ್ದಿಯೆಂದು ಎಣಿಸಬೇಡಿರಿ. ೨೦೧೬ರ ಸೆಪ್ಟೆಂಬರ್ ೫ರಂದು ಜಿಯೋ ಕಂಪನಿಯು ತನ್ನ ಸೇವೆಯನ್ನು ದೇಶಕ್ಕೆಲ್ಲ ತೆರೆದಾಗ ಈ ಆರನೆಯ ಆವೃತ್ತಿಯನ್ನೇ ದೊಡ್ಡ ಪ್ರಮಾಣದಲ್ಲಿ ಬಳಸಿತು. ಆ ಮೇಲೆ ಭಾರತವು ಈ ಪದ್ಧತಿಯ ಬಳಕೆಯಲ್ಲಿ ಲೋಕದ ಮುಂದಾಳುಗಳ ಸಾಲಿಗೆ ಸೇರಿತು. ನಾಲ್ಕನೆಯ ತಲೆಮಾರಿನ ಮೊಬೈಲ್ ಜಾಲದಲ್ಲಿ ಈ ಪದ್ಧತಿಯಿಂದ ನಡೆಯುವ ಮೊಬೈಲಿಗೆ ವಿಳಾಸದ ಮುಂಭಾಗವು ಬರುವದು ಕಂಪನಿಯ ರೌಟರು ಸಾರುವ ಇದೇ ಡಂಗುರದಿಂದ. ಅಲ್ಲಿ ಪ್ರತಿಯೊಂದು ಮೊಬೈಲಿಗೂ ಬೇರೆ ಬೇರೆ ಮುಂಭಾಗವನ್ನು ಕೊಡುವರು. ಅಂದರೆ ಒಂದೊಂದು ಮೊಬೈಲಿಗೂ ಸ್ವಂತದ್ದೊಂದು ಓಣಿ, ಆ ಓಣಿಗೆ ಒಂದೇ ಅಗಸೆ. ತಾಜಸುಲ್ತಾನಪುರದ ಹುಡುಗಿಯ ಕೈಯಲ್ಲಿರುವ ಮೊಬೈಲು ಸದ್ದಿಲ್ಲದೆ ಕೇಳಿಕೊಳ್ಳುವದು ಆ ಅಗಸೆಯ ಮಾತನ್ನೇ. ಅವಳು ಅದೇ ಮೊಬೈಲಿನ ಹಾಟ್‌ಸ್ಪಾಟನ್ನು ತೆರೆದು ತಮ್ಮನ ಲ್ಯಾಪ್‌ಟಾಪಿಗೆ ದಾರಿ ಕೊಟ್ಟಳೆಂದರೆ, ಆ ಹೊತ್ತಿಗೆ ಅವಳ ಮೊಬೈಲೇ ತಮ್ಮನಿಗೆ ಅಗಸೆಯಾಗುವದು.

೬. ನಂಬಿಕೆಯ ಪ್ರಶ್ನೆ

ಇನ್ನು ನಮ್ಮ ಎರಡನೆಯ ಪ್ರಶ್ನೆಗೆ ಬರುವೆವು. ಹೊಸ ಊರಿನಲ್ಲಿ ಬಸ್ಸಿನಿಂದ ಇಳಿದವಳು, “ದಾರಿ ಯಾವದು?” ಎಂದು ಕೂಗಿ ಕೇಳಿ, ಮೊದಲು ಉತ್ತರ ಕೊಟ್ಟವನ ಬೆನ್ನು ಹತ್ತಿ ಹೋದರೆ ನಾವು ಮೆಚ್ಚುವೆವೋ? ನಮ್ಮ ಹೆಣ್ಣುಮಕ್ಕಳಿಗೆ ಹಾಗೆ ಮಾಡಬೇಡಿರೆಂದು ಮನೆಯಲ್ಲಿಯೂ ಶಾಲೆಯಲ್ಲಿಯೂ ಹೇಳಿ ಕಳುಹಿಸುವೆವು. ಆದರೆ ಗಣಕಯಂತ್ರವು ಮಾಡುವದು ಬಹುಮಟ್ಟಿಗೆ ಅದನ್ನೇ. “ನಾನು ರೌಟರು” ಎಂದವನು ನಿಜವಾಗಿಯೂ ರೌಟರೋ ಅಲ್ಲವೋ ಎಂದು ಕೇಳುವ ಅಭ್ಯಾಸವು ಅದಕ್ಕೆ ಹುಟ್ಟಿನಿಂದ ಬಂದಿಲ್ಲ. ೧೯೯೯ರಲ್ಲಿಯೇ ಇದರ ಅಪಾಯವು ಬಯಲಾಗಿತ್ತು. ಆಗಿನ ವಿಂಡೋಸ್ ೯೫ ಮತ್ತು ೯೮ರ ಯಂತ್ರಗಳು ಅದೇ ಜಾಲದಲ್ಲಿ ಕುಳಿತ ಯಾವನೋ ಒಬ್ಬನು ಸಾರಿದ ಸುಳ್ಳು ಡಂಗುರವನ್ನು ನಂಬಿ ತಮ್ಮ ದಾರಿಯನ್ನು ಬದಲಿಸಿಕೊಳ್ಳುತ್ತಿದ್ದವು.

ಹೊರಗಿನಿಂದ ಬರುವ ಸುಳ್ಳಿಗೆ ಆರನೆಯ ಆವೃತ್ತಿಯಲ್ಲಿ ಒಂದು ಅಂದವಾದ ತಡೆಯುಂಟು. ಪ್ರತಿ ಸಂದೇಶದ ಮೇಲೆಯೂ ಒಂದು ಅಂಕೆ ಇರುವದು. ಒಂದೊಂದು ರೌಟರನ್ನು ದಾಟುವಾಗಲೂ ಆ ಅಂಕೆಯಲ್ಲಿ ಒಂದು ಕಳೆಯುವದು. ಆ ಅಂಕೆ ೨೫೫ಕ್ಕಿಂತ ಹೆಚ್ಚಾಗಲಾರದು. ಆದದರಿಂದ ೨೫೫ ಎಂದೇ ಇರುವ ಡಂಗುರವನ್ನು ಮಾತ್ರ ಯಂತ್ರವು ಒಪ್ಪುವದು. ಹೊರಗಿನಿಂದ ಬಂದದ್ದು ಅಗಸೆಯಲ್ಲಿಯೇ ಒಂದನ್ನು ಕಳೆದುಕೊಂಡು ೨೫೪ ಆಗಿರುವದರಿಂದ ಸಿಕ್ಕಿಬೀಳುವದು. ಆದರೆ ಕೋಣೆಯ ಒಳಗೇ ಕುಳಿತು ಸುಳ್ಳು ಹೇಳುವವನನ್ನು ಈ ಲೆಕ್ಕವು ಹಿಡಿಯಲಾರದು.

ಸುಳ್ಳು ಡಂಗುರವೆಲ್ಲ ದುಷ್ಟತನದಿಂದಲೇ ಹುಟ್ಟುವದೆಂದು ತಿಳಿಯಬಾರದು. ೨೦೧೧ರ ಫೆಬ್ರವರಿಯಲ್ಲಿ ಪ್ರಕಟವಾದ ೬೧೦೪ನೆಯ ಪತ್ರವು ಇದನ್ನೇ ವಿಚಾರಿಸುತ್ತದೆ. ಮೇಲ್ವಿಚಾರಕನು ತಪ್ಪಾಗಿ ಜೋಡಿಸಿದ್ದರಿಂದಲೂ, ತನ್ನ ಯಂತ್ರದಲ್ಲಿ ಅಂತರಜಾಲವನ್ನು ಹಂಚುವ ಗುಂಡಿಯನ್ನು ಒಬ್ಬನು ಅರಿಯದೆ ಒತ್ತಿದ್ದರಿಂದಲೂ ಅನೇಕ ಸಾರಿ ಹೀಗಾಗುವದೆಂದು ಅದರಲ್ಲಿ ಹೇಳಿದೆ. ಶಾಲೆ, ವಸತಿಗೃಹಗಳಲ್ಲಿ ಇನ್ನೊಂದು ಬಗೆಯೂ ಸಾಮಾನ್ಯ. ವೈಫೈ ಸಾಲದೆಂದು ಯಾರೋ ಮನೆಯಿಂದ ಹಳೆಯ ಪೆಟ್ಟಿಗೆಯನ್ನು ತಂದು ಗೋಡೆಯ ತಂತಿಗೆ ತಪ್ಪು ರಂಧ್ರದಿಂದ ಜೋಡಿಸುವರು. ಆಗ ವಿಳಾಸ ಕೊಡುವವರು ಇಬ್ಬರಾಗುವರು. ಮೊದಲನೆಯವನ ಮಾತು ಕೇಳಿದ ಯಂತ್ರಗಳು ಹೊರಗೆ ಹೋಗುವವು. ಎರಡನೆಯವನ ಮಾತು ಕೇಳಿದವು ಗೋಡೆಗೆ ಹಾಯ್ದು ನಿಲ್ಲುವವು. “ಆಕೆಯ ಯಂತ್ರ ನಡೆಯುತ್ತದೆ, ನನ್ನದು ನಡೆಯುವದಿಲ್ಲ” ಎಂಬ ದೂರು ಬಂದಲ್ಲಿ, ಕೆಟ್ಟದ್ದು ಯಂತ್ರವಲ್ಲ, ಅಗಸೆಗಳು ಎರಡಾಗಿವೆ ಎಂದು ಸಂಶಯಪಡುವದು ಒಳ್ಳೆಯದು.

ಇದಕ್ಕೆ ಪರಿಹಾರವೂ ೨೦೧೧ರಲ್ಲಿಯೇ, ೬೧೦೫ನೆಯ ಪತ್ರದಲ್ಲಿ ಬಂದಿತು. ಕೋಣೆಯ ತಂತಿಗಳೆಲ್ಲ ಬಂದು ಕೂಡುವ ಸ್ವಿಚ್ಚೆಂಬ ಪೆಟ್ಟಿಗೆಗೆ, “ನಿಜವಾದ ರೌಟರು ಇರುವದು ಈ ತಂತಿಯಲ್ಲಿ ಮಾತ್ರ, ಬೇರೆ ತಂತಿಯಿಂದ ಡಂಗುರ ಬಂದರೆ ಮುಂದಕ್ಕೆ ಬಿಡಬೇಡ” ಎಂದು ಮೊದಲೇ ತಿಳಿಸಿಡುವದು. ವಿಳಾಸ ಕೊಡುವ ಪೆಟ್ಟಿಗೆಯ ಮಾತಿಗೂ ಇಂಥದೇ ಕಾವಲುಂಟು. ರೌಟರಿನ ಮಾತಿಗೆ ಗುಪ್ತಲಿಪಿಯ ರುಜುವನ್ನು ಹಾಕಿಸುವ ಏರ್ಪಾಡೊಂದನ್ನು ೨೦೦೫ರಲ್ಲಿ ರಚಿಸಿದ್ದರು. ತೊಡಕು ಹೆಚ್ಚಾದದ್ದರಿಂದ ಅದು ಹೆಚ್ಚಾಗಿ ರೂಢಿಗೆ ಬರಲಿಲ್ಲ. ಕೂಗನ್ನೂ ಡಂಗುರವನ್ನೂ ನಿಲ್ಲಿಸದೆ, ಸಾರುವ ಅಧಿಕಾರ ಯಾರದೆಂಬದನ್ನು ಗೊತ್ತುಮಾಡಿದ ಸುಲಭವಾದ ಕಾವಲೇ ಕೆಲಸಕ್ಕೆ ಬಂದಿತು.

೭. ಮನೆಯಲ್ಲಿ ಮಾಡತಕ್ಕದ್ದು

ಈ ಪಾಠವು ಪುಸ್ತಕದಲ್ಲಿಯೇ ಉಳಿಯಬಾರದು. ಮೊದಲನೆಯದಾಗಿ, ನಿಮ್ಮ ಮೊಬೈಲಿನಲ್ಲಿ ಸೇರಿಕೊಂಡಿರುವ ವೈಫೈಯ ವಿವರವನ್ನು ತೆರೆದು ನೋಡಿರಿ. ಗೇಟ್‌ವೇ ಅಥವಾ ರೌಟರ್ ಎಂಬ ಹೆಸರಿನ ಮುಂದೆ ೧೯೨.೧೬೮.೧.೧ ಎಂಬಂಥ ಒಂದು ಸಂಖ್ಯೆ ಕಾಣುವದು. ಅದೇ ನಿಮ್ಮ ಮನೆಯ ಅಗಸೆ. ವಿಂಡೋಸ್ ಯಂತ್ರದ ಆಜ್ಞೆಯ ಕಿಟಕಿಯಲ್ಲಿ ‘ಐಪಿಕಾನ್ಫಿಗ್’ ಎಂಬ ಆಜ್ಞೆಯನ್ನು ಕೊಟ್ಟರೂ ಅದು ಕಾಣುವದು. ಆ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿರಿ. ಜಾಲವು ಕೆಟ್ಟ ದಿನ ಸಂಖ್ಯೆಯು ಬೇರೆಯಾಗಿ ತೋರಿದರೆ ಎರಡನೆಯ ಅಗಸೆಯೊಂದು ಎಲ್ಲಿಂದಲೋ ಎದ್ದಿದೆಯೆಂದು ತಿಳಿಯಬಹುದು.

ಎರಡನೆಯದಾಗಿ, ವೈಫೈ ಪೆಟ್ಟಿಗೆಯೊಡನೆ ಬಂದ ಗುಪ್ತಪದವನ್ನು ಬದಲಿಸಿರಿ. ಅಗಸೆಯ ಕೀಲಿಯು ಊರಿಗೆಲ್ಲ ಗೊತ್ತಿದ್ದರೆ ಅಗಸೆ ಇದ್ದೂ ಇಲ್ಲದ ಹಾಗೆ. ಹಳೆಯ ಪೆಟ್ಟಿಗೆಯನ್ನು ಮತ್ತೆ ಜೋಡಿಸಬೇಕಾದರೆ, ವಿಳಾಸ ಕೊಡುವ ಅದರ ಕೆಲಸವನ್ನು ಮೊದಲು ನಿಲ್ಲಿಸಿರಿ.

ಮೂರನೆಯದಾಗಿ, ಬಸ್‌ನಿಲ್ದಾಣ, ರೈಲುನಿಲ್ದಾಣ, ಉಪಾಹಾರಗೃಹಗಳಲ್ಲಿ ಬಿಟ್ಟಿಯಾಗಿ ಸಿಗುವ ವೈಫೈಗೆ ಸೇರುವಾಗ, ಅಲ್ಲಿ ಅಗಸೆಯೆಂದು ಹೇಳಿಕೊಳ್ಳುವವನ ಗುರುತು ನಿಮಗಿಲ್ಲವೆಂಬದನ್ನು ನೆನಪಿಡಿರಿ. ಇದಕ್ಕಾಗಿ ಅತಿಯಾಗಿ ಅಂಜಬೇಕಾಗಿಲ್ಲ. ಬ್ಯಾಂಕಿನ ವ್ಯವಹಾರಗಳೂ ಒಳ್ಳೆಯ ಜಾಲತಾಣಗಳೂ ಗುಪ್ತಲಿಪಿಯಲ್ಲಿ ನಡೆಯುವವು. ಸುಳ್ಳು ಅಗಸೆಯವನಿಗೆ ಲಕೋಟೆಯು ಯಾರಿಗೆ ಹೊರಟಿದೆ ಎಂಬದು ಕಂಡೀತು, ಒಳಗಿನ ಕಾಗದವನ್ನು ಅವನು ಓದಲಾರನು. ಆದರೆ “ಈ ತಾಣದ ಪ್ರಮಾಣಪತ್ರವು ಸರಿಯಿಲ್ಲ” ಎಂದು ಯಂತ್ರವು ಎಚ್ಚರಿಸಿದಾಗ ಅದನ್ನು ಲಕ್ಷಿಸದೆ ಮುಂದೆ ಹೋದರೆ, ಲಕೋಟೆಯನ್ನು ನಾವೇ ಒಡೆದು ಅವನ ಕೈಯಲ್ಲಿ ಇಟ್ಟಂತಾಗುವದು. ಅಂಥ ಸಮಯದಲ್ಲಿ ವೈಫೈಯನ್ನು ಬಿಟ್ಟು ಮೊಬೈಲಿನ ಸ್ವಂತ ಜಾಲಕ್ಕೆ ಮರಳುವದೇ ಬುದ್ಧಿವಂತಿಕೆ. ಆ ಓಣಿಯಲ್ಲಿ ಬೇರೆಯವರು ನಿಂತು ಕೂಗಲು ಸ್ಥಳವಿಲ್ಲವೆಂದು ಮೇಲೆ ಹೇಳಿದ್ದೇವಷ್ಟೆ.

ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ಕಲಬುರಗಿಯ ಕಚೇರಿಗಳಲ್ಲಿಯೂ, ಕೆಲವರು ಬೆಂಗಳೂರು, ಹೈದರಾಬಾದುಗಳ ವಸತಿಗೃಹಗಳಲ್ಲಿಯೂ ಇರುವಿರಿ; ಕೆಲವರು ತಾಯಂದಿರಾಗಿ ಮಕ್ಕಳ ಕೈಗೆ ಮೊಬೈಲನ್ನು ಕೊಡುವಿರಿ. ಯಂತ್ರವು ಕೇಳಿ ತಿಳಿಯುವದರಲ್ಲಿ ಜಾಣ. ಹೊಸ ಸ್ಥಳಕ್ಕೆ ಹೋದರೆ ನಾಚದೆ ಕೇಳುವದು, ತನ್ನ ಸರದಿಗೆ ತಡೆಯುವದು, ಉತ್ತರ ಬಾರದಿದ್ದರೆ ಮೂರು ಸಾರಿ ಕೇಳುವದು, ಅವಧಿ ಮೀರಿದ ಮಾತನ್ನು ಬಿಡುವದು. ಈ ಗುಣಗಳು ಒಳ್ಳೆಯ ವಿದ್ಯಾರ್ಥಿನಿಗೂ ಒಪ್ಪುವಂಥವೇ. ಉತ್ತರ ಕೊಟ್ಟವನು ಯಾರೆಂದು ವಿಚಾರಿಸುವ ಗುಣ ಮಾತ್ರ ಅದಕ್ಕಿಲ್ಲ. ಆ ಒಂದು ಕೆಲಸವನ್ನು ಜಾಲವನ್ನು ಕಟ್ಟುವವರೂ ಬಳಸುವವರೂ ಮಾಡಬೇಕಾಗಿದೆ. ನಿಮ್ಮ ಮನೆಯ ಮಕ್ಕಳಿಗೆ ಇಷ್ಟನ್ನು ಕಲಿಸಿಕೊಟ್ಟರೆ ಈ ಪಾಠವು ಸಫಲವಾಯಿತೆಂದು ನಾವು ಸಂತೋಷಪಡುವೆವು.